ಫೋರ್ಕ್‌ಲಿಫ್ಟ್, ಗೋಡೌನಿನ ಬಾಗಿಲು ಮತ್ತು ಬೆಳಕು

ಮಳೆ ಹಿಡಿಯುವ ಮೊದಲು ಇದನ್ನು ಬರೆಯಲೇಬೇಕು ಅಂತ ಕೂತಿದ್ದೇನೆ. ಮಂಗಳೂರಿನ ಬೈಕಂಪಾಡಿ, ಪಣಂಬೂರು ಕಡೆ ಗೋಡೌನುಗಳಲ್ಲಿ ಫೋರ್ಕ್‌ಲಿಫ್ಟ್ (ಮುಂದಿನ ಎರಡು ಕಬ್ಬಿಣದ ತೋಳಿನಲ್ಲಿ ಸಾಮಾನು ಎತ್ತುವ ಗಾಡಿ) ಓಡಿಸುವವರಿಗೆ, ಅದರ ಸುತ್ತ ದಿನವಿಡೀ ಓಡಾಡುವವರಿಗೆ, ಮತ್ತು ಅವರ ಮೇಲಿರುವ ಸೂಪರ್‌ವೈಸರ್‌ಗಳಿಗೆ ಇದು. ನಾನೂ ಅಂಥದೇ ಒಂದು ಗೋಡೌನಿನಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವವನು. ಲೈಟಿನ ಮಾತು ಬಂದಾಗೆಲ್ಲ ಕೇಳಿಬರುವುದು ಒಂದೇ: "ಇನ್ನೂ ನಾಲ್ಕು ಎಲ್‌ಇಡಿ ಹಾಕಿಸಿ ಮಾರಾಯ್ರೇ, ಆಯ್ತಲ್ಲ." ಹಾಕಿಸುತ್ತಾರೆ. ಗೋಡೌನು ಬೆಳ್ಳಗೆ ಕಾಣುತ್ತದೆ. ಆದರೂ ಫೋರ್ಕ್‌ಲಿಫ್ಟ್ ಒಬ್ಬರ ಕಾಲಿನ ಹತ್ತಿರ ಬಂದು ಗಕ್ಕಂತ ನಿಲ್ಲುವುದು ನಿಲ್ಲುವುದಿಲ್ಲ.

ಯಾಕೆ ಅಂದರೆ, ಎಲ್ಲ ಕಡೆ ಒಂದೇ ಥರ ಮಬ್ಬಾಗಿದ್ದರೆ ಕಣ್ಣು ಹೇಗೋ ಹೊಂದಿಕೊಳ್ಳುತ್ತದೆ, ಆಪರೇಟರ್ ಕೂಡ ತಾನಾಗಿಯೇ ನಿಧಾನ ಮಾಡುತ್ತಾನೆ. ಬೆಳಕು ಇದ್ದಕ್ಕಿದ್ದಂತೆ ಬದಲಾಗುವ ಜಾಗದಲ್ಲಿ ಮಾತ್ರ ಕಣ್ಣಿಗೂ ಟೈಮ್ ಸಿಗುವುದಿಲ್ಲ, ಕಾಲಿಗೂ ಟೈಮ್ ಸಿಗುವುದಿಲ್ಲ. ಅಂಥ ಜಾಗಗಳಲ್ಲಿ ಮೊದಲನೆಯದು ಬಾಗಿಲು.

ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ನೆನೆಸಿಕೊಳ್ಳಿ. ಹೊರಗೆ ಕಾಂಕ್ರೀಟ್ ಯಾರ್ಡ್. ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ. ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ನಡು ಮಧ್ಯಾಹ್ನದ ನೇರ ಬಿಸಿಲು ಅಂದರೆ ಸುಮಾರು 1,00,000 ಲಕ್ಸ್. ಒಳಗೆ ಒಳ್ಳೆಯ ಗೋಡೌನು ಅಂದರೂ 100ರಿಂದ 150 ಲಕ್ಸ್. ಸಾವಿರ ಪಟ್ಟಿನ ಹತ್ತಿರ ವ್ಯತ್ಯಾಸ. ಕಾಫಿ ಚೀಲದ ಪ್ಯಾಲೆಟ್ (ಸಾಮಾನು ಪೇರಿಸುವ ಹಲಗೆಯ ಮಣೆ) ಎತ್ತಿಕೊಂಡು ಫೋರ್ಕ್‌ಲಿಫ್ಟ್ ಲಾರಿಯ ಹತ್ತಿರದಿಂದ ಶಟರ್ ಒಳಗೆ ನುಗ್ಗುತ್ತದೆ. ಕಣ್ಣಿನ ಪಾಪೆ ಬೇಗ ಹಿಗ್ಗುತ್ತದೆ, ಅದು ನಿಜ. ಆದರೆ ಕಣ್ಣಿನೊಳಗಿನ ರೆಟಿನಾ ಆ ಬೆಳಕಿಗೆ ಹೊಂದಿಕೊಳ್ಳಲು ನಿಮಿಷಗಳೇ ಬೇಕು. ಪೂರ್ತಿ ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ. ಫೋರ್ಕ್‌ಲಿಫ್ಟ್ ಗಂಟೆಗೆ 8 ಕಿಲೋಮೀಟರ್ ಸ್ಪೀಡಿನಲ್ಲಿದ್ದರೂ ಸೆಕೆಂಡಿಗೆ ಎರಡು ಮೀಟರಿಗಿಂತ ಜಾಸ್ತಿ ಮುಂದೆ ಹೋಗುತ್ತದೆ. ಆ ಹೊತ್ತಿಗೆ ಒಳಗೆ ಶಟರಿನ ಪಕ್ಕದಲ್ಲೇ ಒಬ್ಬರು ನಿಂತು ಚಲನ್ ನೋಡುತ್ತಿರುತ್ತಾರೆ, ಅಲ್ಲಿ ಗಾಳಿ ಬರುತ್ತದೆ ಅಂತ. ಒಳಗಿನವರಿಗೆ ಹೊರಗಿನ ಗಾಡಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಅವನಿಗೂ ನಾನು ಕಾಣುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಕಾಣುತ್ತಿರುವುದಿಲ್ಲ.

ಸಂಜೆ ಇದೇ ಕಥೆ ತಿರುವುಮುರುವು. ನಮ್ಮ ಕಡೆ ಸಮುದ್ರ ಇರುವುದು ಪಡುವಣಕ್ಕೆ. ಪಶ್ಚಿಮಕ್ಕೆ ಬಾಗಿಲಿರುವ ಗೋಡೌನುಗಳಲ್ಲಿ ಐದೂವರೆಯ ಮೇಲೆ ಇಳಿಬಿಸಿಲು ನೇರ ಒಳಗೆ ಬರುತ್ತದೆ. ಹೊರಗೆ ಹೋಗುವ ಆಪರೇಟರಿನ ಮುಖಕ್ಕೇ ಹೊಡೆಯುತ್ತದೆ. ಶಿಫ್ಟ್ ಮುಗಿಸಿ ಮನೆಗೆ ಹೊರಟವರೆಲ್ಲ ಅದೇ ಹೊತ್ತಿಗೆ ಅದೇ ಬಾಗಿಲಲ್ಲಿ ಇರುತ್ತಾರೆ.

ಹೆದ್ದಾರಿಯ ಸುರಂಗಗಳಲ್ಲಿ ಇದಕ್ಕೆ ಉಪಾಯ ಯಾವತ್ತೋ ಕಂಡುಕೊಂಡಿದ್ದಾರೆ. ಸುರಂಗದ ಬಾಯಿಯ ಹತ್ತಿರ ಹಗಲಿನಲ್ಲಿ ಲೈಟು ಜಾಸ್ತಿ ಇರುತ್ತದೆ, ಒಳಗೆ ಹೋದ ಹಾಗೆ ಮೆಲ್ಲ ಕಡಿಮೆಯಾಗುತ್ತದೆ. ರಾತ್ರಿ ಬಾಯಿಯ ಹತ್ತಿರದ ಲೈಟೂ ಇಳಿಯುತ್ತದೆ. ನಾವು ಗೋಡೌನಿನಲ್ಲಿ ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. "ಬಾಗಿಲ ಹತ್ತಿರ ಹೇಗೂ ಬೆಳಕುಂಟಲ್ಲ" ಅಂತ ಹಗಲು ಆ ಸಾಲನ್ನೇ ಆಫ್ ಮಾಡುತ್ತೇವೆ. ಇದು ನನಗೆ ತುಂಬ ಬೇಸರ ತರಿಸುವ ಅಭ್ಯಾಸ. ಬಾಗಿಲಿಂದ ಒಳಗಿನ ಎಂಟು, ಹತ್ತು ಮೀಟರಿನ ಲೈಟುಗಳು ಹಗಲು ಉರಿಯಲೇಬೇಕು, ಬೇರೆ ಕಡೆಗಿಂತ ಜಾಸ್ತಿಯೇ ಉರಿಯಬೇಕು. ಯುರೋಪಿನ ಒಳಾಂಗಣ ಬೆಳಕಿನ ಸ್ಟ್ಯಾಂಡರ್ಡ್ ಇಎನ್ 12464-1ರಲ್ಲೂ ಇದೇ ಮಾತಿದೆ. ಗಾಡಿ ಓಡಾಡುವ ದಾರಿಗೆ ನೆಲದ ಮೇಲೆ 150 ಲಕ್ಸ್ ಬೇಕು, ಬರುವ ಹೋಗುವ ಬಾಗಿಲಲ್ಲಿ ಒಳಗಿನ ಬೆಳಕಿಗೂ ಹೊರಗಿನ ಬೆಳಕಿಗೂ ಏಕಾಏಕಿ ವ್ಯತ್ಯಾಸ ಆಗದ ಹಾಗೆ ನಡುವೆ ಒಂದು ಜಾಗ ಬಿಡಬೇಕು ಅಂತ.

ಆ ನಡುವಿನ ಜಾಗ ಮಾಡಿಕೊಳ್ಳುವುದು ನಮಗೆ ಸುಲಭ. ಮಳೆಗೆ ಅಂತ ಹೇಗೂ ಶಟರಿನ ಹೊರಗೆ ಶೀಟಿನ ಮಾಡು (ಚಾವಣಿ) ಇಳಿಸಿರುತ್ತೇವೆ. ಅದನ್ನೇ ಇನ್ನು ಸ್ವಲ್ಪ ಮುಂದಕ್ಕೆ ತಂದರೆ ಆಪರೇಟರಿಗೆ ಒಳಗೆ ಬರುವ ಮೊದಲೇ ನೆರಳು ಸಿಗುತ್ತದೆ, ಕಣ್ಣು ಅಲ್ಲಿಂದಲೇ ತಯಾರಾಗಲು ಶುರು ಮಾಡುತ್ತದೆ. ಬಾಗಿಲ ಒಳಗಿನ ಎರಡೂ ಗೋಡೆಗೆ ಬಿಳಿ ಬಣ್ಣ ಹೊಡೆಸಿ. ಜನರಿಗೆ ಪಕ್ಕದಲ್ಲೇ ಬೇರೆ ಸಣ್ಣ ಬಾಗಿಲು ಇದ್ದರೆ ಅದರ ಎದುರು ಖಾಲಿ ಪ್ಯಾಲೆಟ್ ಪೇರಿಸಬೇಡಿ. ಹತ್ತರಲ್ಲಿ ಎಂಟು ಕಡೆ ಪೇರಿಸಿರುತ್ತಾರೆ. ಆಗ ಎಲ್ಲರೂ ಗಾಡಿಯ ಬಾಗಿಲಲ್ಲೇ ನುಸುಳುತ್ತಾರೆ.

ಕೋಲ್ಡ್ ಸ್ಟೋರೇಜ್ ಇರುವವರಿಗೆ ಇನ್ನೊಂದು ತಲೆನೋವು. ಮೀನಿನದ್ದಾಗಲಿ ಐಸ್‌ಕ್ರೀಮಿನದ್ದಾಗಲಿ, ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯ ಪರದೆ ನೇತು ಹಾಕಿರುತ್ತಾರೆ. ಹೊಸತರಲ್ಲಿ ಗಾಜಿನ ಹಾಗಿರುತ್ತದೆ. ಸ್ವಲ್ಪ ಸಮಯ ಕಳೆದರೆ ಹಳದಿ ತಿರುಗಿ, ಗೀರು ಬಿದ್ದು, ನಮ್ಮೂರಿನ ಸೆಕೆಗೆ ಮಂಜು ಹಿಡಿದು ಆಚೆ ಕಡೆ ಮನುಷ್ಯನಿದ್ದಾನೋ ಪೆಟ್ಟಿಗೆಯಿದೆಯೋ ಗೊತ್ತಾಗುವುದಿಲ್ಲ. ಎದೆಮಟ್ಟದ ಎತ್ತರದಲ್ಲಿ ಆಚೆ ಕಾಣದ ಪಟ್ಟಿಯನ್ನು ಬದಲಾಯಿಸಲೇಬೇಕು. ಹರಿದಿಲ್ಲ ಅಂತ ಇಟ್ಟುಕೊಂಡಿರುವುದು ತಪ್ಪು.

ಇನ್ನು ರ‍್ಯಾಕಿನ ಸಾಲುಗಳು. ಇಲ್ಲಿ ನಾನು ಹೋದ ಕಡೆಯೆಲ್ಲ ನೋಡುವುದು ಒಂದೇ. ಗೋಡೌನು ಕಟ್ಟಿದಾಗ ಲೈಟು ಹಾಕಿರುತ್ತಾರೆ, ರ‍್ಯಾಕ್ ಬರುವುದು ಆಮೇಲೆ. ಅಥವಾ ಗೇರುಬೀಜ ಇಟ್ಟಿದ್ದ ಕಡೆ ಟೈಲ್ಸ್ ಬರುತ್ತದೆ, ರ‍್ಯಾಕಿನ ಸಾಲು ಜರುಗುತ್ತದೆ, ಲೈಟು ಅಲ್ಲೇ ಉಳಿಯುತ್ತದೆ. ಈಗ ಅದು ರ‍್ಯಾಕಿನ ನೆತ್ತಿಯ ಮೇಲೆ ಧೂಳಿಗೆ ಬೆಳಕು ಕೊಡುತ್ತಿದೆ, ಕೆಳಗಿನ ದಾರಿ ಕತ್ತಲೆ. ಬೇರೆ ಲೈಟು ಕೊಳ್ಳುವ ಮೊದಲು ಇರುವುದನ್ನೇ ದಾರಿಯ ನಡುವಿಗೆ ಸರಿಸಿ. ಎತ್ತರವೂ ನೋಡಿ. ಒಂದು ಲೈಟು ಎರಡು ಪಟ್ಟು ಮೇಲೆ ಹೋದರೆ ಅದರ ನೇರ ಕೆಳಗಿನ ನೆಲಕ್ಕೆ ಅದರಿಂದ ತಲುಪುವ ಬೆಳಕು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ.

ಲಕ್ಸ್ ಮೀಟರಿನಲ್ಲಿ ಅಳೆಯುವವರು ಅದನ್ನು ನೆಲದ ಮೇಲೆ ಮಲಗಿಸಿ ಅಳೆದು ಬರೆದುಕೊಂಡು ಹೋಗುತ್ತಾರೆ. ನೆಲಕ್ಕೆ ಬೆಳಕಿದ್ದರೆ ಸಾಕಾ? ಆಪರೇಟರ್ ನೋಡಬೇಕಾದ್ದು ನಿಂತಿರುವ ಮನುಷ್ಯನನ್ನು, ಚೀಲದ ಮೇಲಿನ ಲೇಬಲನ್ನು, ರ‍್ಯಾಕಿನ ಕಂಬವನ್ನು. ಇವೆಲ್ಲ ನೆಟ್ಟಗೆ ನಿಂತಿರುವ ವಸ್ತುಗಳು. ಎದೆಯ ಎತ್ತರದಲ್ಲಿ ಮೀಟರನ್ನು ನೆಟ್ಟಗೆ ಹಿಡಿದು, ಗಾಡಿ ಬರುವ ಕಡೆಗೆ ಮುಖ ಮಾಡಿ ಒಮ್ಮೆ ಅಳೆದು ನೋಡಿ. ನೆಲದಲ್ಲಿ ಚೆನ್ನಾಗಿ ಬಂದ ಲೆಕ್ಕ ಇಲ್ಲಿ ಎಷ್ಟು ಇಳಿಯುತ್ತದೆ ಅಂತ ಗೊತ್ತಾಗುತ್ತದೆ. ಮೀಟರ್ ಇಲ್ಲದಿದ್ದರೆ ಆಪರೇಟರ್ ಸೀಟಿನಲ್ಲಿ ಕೂತು, ದೂರದಲ್ಲಿ ಒಬ್ಬರನ್ನು ನಿಲ್ಲಿಸಿ, ಅವರ ಮುಖ ಕಾಣುತ್ತದಾ ನೋಡಿ. ಅದೂ ವಯಸ್ಸಾದ ಆಪರೇಟರನ್ನೇ ಕೂರಿಸಿ ಕೇಳಿ. 60ರ ವಯಸ್ಸಿನ ಕಣ್ಣಿನ ರೆಟಿನಾಕ್ಕೆ 20ರ ಕಣ್ಣಿಗೆ ಸಿಗುವ ಬೆಳಕಿನ ಮೂರನೇ ಒಂದು ಭಾಗದಷ್ಟು ಮಾತ್ರ ತಲುಪುತ್ತದೆ.

ಕರೆಂಟು ಉಳಿಸಲು ಸೆನ್ಸರ್ ಹಾಕುವವರಿಗೆ ಒಂದು ಮಾತು. ಯಾರೂ ಇಲ್ಲದಾಗ ಸಾಲು ಪೂರ್ತಿ ಆಫ್ ಆಗುವ ಹಾಗೆ ಇಡಬೇಡಿ. ಬೆಳಕಿನ ಕಡೆಯಿಂದ ಕತ್ತಲೆ ಸಾಲಿಗೆ ಗಾಡಿ ತಿರುಗಿದ ಮೇಲೆ ಲೈಟು ಹತ್ತಿದರೆ, ಬಾಗಿಲಲ್ಲಿ ಆಗುವುದೇ ಇಲ್ಲೂ ಆಗುತ್ತದೆ. 20, 30 ಪರ್ಸೆಂಟಿಗೆ ಇಳಿಸಿಡಿ, ಸಾಕು.

ಹಳೆಯ ಮೆಟಲ್ ಹ್ಯಾಲೈಡ್ ಲೈಟು ಇನ್ನೂ ಇರುವ ಗೋಡೌನುಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಸಿಡಿಲಿನ ಕಾಲದಲ್ಲಿ ಕರೆಂಟು ಒಂದು ಕ್ಷಣ ಹೋಗಿ ಬರುತ್ತದೆ, ಆದರೆ ಬಿಸಿಯಾಗಿರುವ ಆ ಲೈಟು ತಣ್ಣಗಾಗದೆ ಮತ್ತೆ ಹತ್ತುವುದಿಲ್ಲ. ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಒಳಗೆ ಕತ್ತಲೆ, ಹೊರಗೆ ಮಳೆ, ಗಾಡಿಯ ಮೇಲೆ ಲೋಡು. ಈ ಒಂದು ಕಾರಣಕ್ಕೇ ಎಲ್‌ಇಡಿಗೆ ಬದಲಾಯಿಸಬೇಕು ಅಂತ ನಾನು ಹೇಳುತ್ತೇನೆ, ಬಿಲ್ಲು ಕಡಿಮೆ ಆಗುವುದು ಆಮೇಲಿನ ಮಾತು. ಬದಲಾಯಿಸುವ ತನಕ, ಲೈಟು ಹೋದರೆ ಗಾಡಿ ನಿಂತಲ್ಲೇ ನಿಲ್ಲಬೇಕು, ಫೋರ್ಕ್ ನೆಲಕ್ಕಿಳಿಯಬೇಕು. ಇದನ್ನು ಎಲ್ಲರಿಗೂ ಮೊದಲೇ ಹೇಳಿಡಿ. ಎಲ್‌ಇಡಿ ಹಾಕುವಾಗಲೂ ಒಳಗಿನ ಉರಿಯುವ ಚಿಪ್ ನೇರ ಕಣ್ಣಿಗೆ ಕಾಣುವಂಥದ್ದು ತರಬೇಡಿ. ಮೂರನೇ ಅಟ್ಟಕ್ಕೆ ಪ್ಯಾಲೆಟ್ ಇಡುವ ಆಪರೇಟರ್ ತಲೆ ಎತ್ತಿ ಅದನ್ನೇ ನೋಡಬೇಕು. ಕಣ್ಣು ಕೋರೈಸಿದ ಮೇಲೆ ತಲೆ ಇಳಿಸಿದರೆ ಅವನಿಗೆ ಏನು ಕಾಣುತ್ತದೆ?

ಗಾಡಿಯ ಲೈಟಿನ ಬಗ್ಗೆ ನಮ್ಮ ಹಿರಿಯ ಆಪರೇಟರ್ ಒಬ್ಬರ ಜೊತೆ ನನಗೆ ಯಾವಾಗಲೂ ವಾದ. "ಹೆಡ್‌ಲೈಟ್ ಹಾಕಿದ್ರೆ ಬ್ಯಾಟರಿ ಬೇಗ ಇಳೀತದೆ ಸರ್" ಅಂತ ಅವರು. "ಅಣ್ಣ, ಒಂದು ಲೆಕ್ಕ ಮಾಡುವ" ಅಂತ ನಾನು. 48 ವೋಲ್ಟ್, 600 ಆಂಪಿಯರ್ ಅವರ್ ಬ್ಯಾಟರಿ ಅಂದರೆ ಸುಮಾರು 29 ಯೂನಿಟ್ ಕರೆಂಟು. ಹೆಡ್‌ಲೈಟು, ಹಿಂದಿನ ಲೈಟು, ನೆಲಕ್ಕೆ ಚುಕ್ಕೆ ಬೀಳಿಸುವ ನೀಲಿ ಲೈಟು ಎಲ್ಲ ಸೇರಿ ಎಲ್‌ಇಡಿಯಲ್ಲಿ 60 ವಾಟ್ ಅಂತ ಇಟ್ಟುಕೊಳ್ಳಿ. ಎಂಟು ಗಂಟೆ ಬಿಡದೆ ಉರಿದರೂ ಅರ್ಧ ಯೂನಿಟ್ ಆಗುವುದಿಲ್ಲ. ನೂರಕ್ಕೆ ಎರಡೂ ಇಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹಿಂದಿನ ಲೈಟು ಮೊದ್ಲು ಸರಿ ಮಾಡಿಸಿ, ಅದು ಕೆಟ್ಟು ಎಷ್ಟು ಸಮಯ ಆಯ್ತು" ಅಂದರು. ಸರಿಯಾದ ಮಾತು. ಲೋಡು ಎತ್ತರವಾಗಿ ಮುಂದೆ ಕಾಣದಿದ್ದರೆ ಗಾಡಿಯನ್ನು ರಿವರ್ಸಿನಲ್ಲೇ ಓಡಿಸಬೇಕು ಅನ್ನುವುದು ಎಲ್ಲ ಕಡೆ ಇರುವ ನಿಯಮ. ಅಂದಮೇಲೆ ಹಿಂದಿನ ಲೈಟೇ ಆಗ ಅವರ ಹೆಡ್‌ಲೈಟು. ಅದೇ ಕೆಟ್ಟಿರುತ್ತದೆ.

ಅಮೆರಿಕದ ಕಾರ್ಮಿಕರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಓಶಾದ ನಿಯಮದಲ್ಲಿ ಒಂದು ಗೆರೆ ಎಳೆದಿದ್ದಾರೆ. ಗೋಡೌನಿನ ಬೆಳಕು ಚದರ ಅಡಿಗೆ 2 ಲ್ಯೂಮೆನ್‌ಗಿಂತ ಕಡಿಮೆ, ಅಂದರೆ ಹೆಚ್ಚುಕಡಿಮೆ 20 ಲಕ್ಸ್‌ಗಿಂತ ಕಡಿಮೆಯಾದರೆ ಗಾಡಿಗೆ ಅದರದ್ದೇ ಲೈಟು ಇರಲೇಬೇಕು. 20 ಲಕ್ಸ್ ಅಂದರೆ ತುಂಬ ಮಬ್ಬು. ಅಷ್ಟು ಕತ್ತಲೆ ನಮ್ಮಲ್ಲಿಲ್ಲ ಅನ್ನುವವರು ಲಾರಿಯಲ್ಲಿ ನಿಂತಿರುವ ಕಂಟೇನರಿನ ಒಳಗೆ ಹೋಗಿ ನೋಡಿ. 40 ಅಡಿಯ ಕಂಟೇನರ್ ಒಳಗೆ ಹನ್ನೆರಡು ಮೀಟರ್ ಉದ್ದ, ಅಗಲ ಎರಡೂವರೆ ಮೀಟರೂ ಇಲ್ಲ. ನಾಲ್ಕೂ ಕಡೆ ಕಬ್ಬಿಣ. ಒಳಗೆ ಇಬ್ಬರು ಚೀಲ ಜೋಡಿಸುತ್ತಿರುತ್ತಾರೆ, ತಲೆಗೆ ಬೈರಾಸು ಕಟ್ಟಿಕೊಂಡು, ಬೆನ್ನು ಬಾಗಿಲಿಗೆ ಹಾಕಿಕೊಂಡು. ಗಾಡಿ ಬಂದು ಬಾಗಿಲಿಗೆ ಅಡ್ಡ ನಿಂತರೆ ಇದ್ದ ಬೆಳಕೂ ಹೋಯಿತು. ಗಾಡಿಯ ಹೆಡ್‌ಲೈಟಿಗೆ ಅದರ ಪ್ಯಾಲೆಟ್ಟೇ ಅಡ್ಡ. ತಿರುಗಿಸಬಹುದಾದ ತೋಳಿನ ಡಾಕ್ ಲೈಟನ್ನು ಗೋಡೆಗೆ ಹಾಕಿ ಕಂಟೇನರಿನ ಒಳಗೆ ಹಾಯಿಸುವುದು ಬಿಟ್ಟರೆ ಇದಕ್ಕೆ ಬೇರೆ ದಾರಿಯಿಲ್ಲ. ಅದನ್ನು ಸ್ವಲ್ಪ ಓರೆಯಾಗಿ ಹಾಕಿ, ಹಿಂದೆ ಬರುವವರ ಕಣ್ಣಿಗೆ ಹೊಡೆಯಬಾರದು. ಹಾಗೆಯೇ ಒಳಗೆ ಜನ ಇರುವಾಗ ಗಾಡಿ ಹೋಗಬಾರದು. ಎಷ್ಟೇ ಲೈಟಿದ್ದರೂ ಹೋಗಬಾರದು.

ನೀಲಿ ಲೈಟು ಈಗ ತುಂಬ ಕಡೆ ಬಂದಿದೆ. ಗಾಡಿಯ ಮುಂದೆ ಅಥವಾ ಹಿಂದೆ ಕೆಲವು ಮೀಟರ್ ದೂರದಲ್ಲಿ ನೆಲದ ಮೇಲೆ ನೀಲಿ ಚುಕ್ಕೆ ಬೀಳುತ್ತದೆ. ಮೂಲೆಯ ಆಚೆ ಇರುವವರಿಗೆ ಗಾಡಿಗಿಂತ ಮೊದಲು ಅದು ಕಾಣುತ್ತದೆ. ನನಗೆ ಇದು ಇಷ್ಟ. ಎಲೆಕ್ಟ್ರಿಕ್ ಗಾಡಿಗಳಿಗೆ ಸದ್ದೇ ಇಲ್ಲ, ಬೀಪ್ ಬೀಪ್ ಕೇಳಿ ಕೇಳಿ ಜನರ ಕಿವಿಗೂ ಅದು ರೂಢಿಯಾಗಿಬಿಟ್ಟಿದೆ. ಆದರೆ ಚುಕ್ಕೆ ಎಷ್ಟು ಟೈಮ್ ಕೊಡುತ್ತದೆ ಅಂತ ಯಾರಾದರೂ ಲೆಕ್ಕ ಹಾಕಿದ್ದಾರಾ? ಗಂಟೆಗೆ 10 ಕಿಲೋಮೀಟರ್ ಅಂದರೆ ಸೆಕೆಂಡಿಗೆ 2.8 ಮೀಟರ್. ಚುಕ್ಕೆ 5 ಮೀಟರ್ ಮುಂದೆ ಬಿದ್ದರೆ ನಿಮಗೆ ಸಿಗುವುದು ಎರಡು ಸೆಕೆಂಡಿಗಿಂತ ಕಡಿಮೆ. ತಲೆ ಬಗ್ಗಿಸಿ ಹ್ಯಾಂಡ್ ಪ್ಯಾಲೆಟ್ ಎಳೆಯುತ್ತಿರುವವರು ಅಷ್ಟರಲ್ಲಿ ಚುಕ್ಕೆ ನೋಡಿ, ಅರ್ಥ ಮಾಡಿಕೊಂಡು, ಪಕ್ಕಕ್ಕೆ ಸರಿಯಬೇಕು. ಆಗುವ ಮಾತಾ? ಸ್ಪೀಡು 6 ಕಿಲೋಮೀಟರಿಗೆ ಇಳಿದರೆ ಮೂರು ಸೆಕೆಂಡು ಸಿಗುತ್ತದೆ. ಆ ಒಂದು ಸೆಕೆಂಡು ದೊಡ್ಡದು. ನೀಲಿ ಲೈಟು ಹಾಕಿಸಿದ ದಿನವೇ ಮೂಲೆಗಳಲ್ಲಿ ಸ್ಪೀಡಿನ ಮಿತಿಯೂ ಇಳಿಯಬೇಕು, ಇಲ್ಲದಿದ್ದರೆ ಲೈಟುಂಟಲ್ಲ ಅನ್ನುವ ಧೈರ್ಯಕ್ಕೆ ಗಾಡಿ ಇನ್ನೂ ಜೋರಾಗುತ್ತದೆ.

ಬಿಸಿಲು ಬಿದ್ದ ನೆಲದ ಮೇಲೆ ಆ ಚುಕ್ಕೆ ಕಾಣುವುದೇ ಇಲ್ಲ ಅನ್ನುವುದೂ ಗೊತ್ತಿರಲಿ. ಹಾಗಾಗಿ ಅತಿ ಅಪಾಯದ ಜಾಗವಾದ ಬಾಗಿಲಲ್ಲಿ ಅದನ್ನು ನಂಬುವ ಹಾಗಿಲ್ಲ. ಪಕ್ಕದಲ್ಲಿ ಕೆಂಪು ಗೆರೆ ಬೀಳಿಸುವ ಲೈಟೂ ಸಿಗುತ್ತದೆ, ನನ್ನ ಪ್ರಕಾರ ಅದು ಇನ್ನೂ ಉಪಯೋಗದ್ದು. ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರದಲ್ಲಿ. ಮುಂಭಾಗ ಎಡಕ್ಕೆ ತಿರುಗಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ. ಕಾರು ನೋಡಿ ಅಭ್ಯಾಸವಾದವರಿಗೆ ಇದು ತಲೆಗೆ ಹೋಗುವುದಿಲ್ಲ, ಗಾಡಿಯ ಹಿಂದಿನ ಮೂಲೆಗೆ ಒರಗಿದ ಹಾಗೆ ನಿಂತು ಮಾತಾಡುತ್ತಿರುತ್ತಾರೆ. ಕೆಂಪು ಗೆರೆಯ ಒಳಗೆ ಕಾಲಿಡಬಾರದು ಅಂತ ಹೇಳಿದರೆ ಯಾರಿಗೂ ಬೇರೆ ವಿವರಣೆ ಬೇಡ.

ಮೂಲೆಯ ಉಬ್ಬು ಕನ್ನಡಿ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಕನ್ನಡಿ ತಾನಾಗಿ ಬೆಳಕು ಕೊಡುವುದಿಲ್ಲ. ಅದರಲ್ಲಿ ಕಾಣಬೇಕಾದ ದಾರಿಗೆ ಲೈಟು ಬೇಕು, ಕನ್ನಡಿಯನ್ನು ಒರೆಸಬೇಕು.

ಈಗ ಮಳೆಗಾಲಕ್ಕೆ ಬರುತ್ತೇನೆ. ಮಂಗಳೂರಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಾಡಿನ ನಡುವೆ ಬೆಳಕಿಗೆ ಅಂತ ಹಾಕಿದ ಪಾರದರ್ಶಕ ಶೀಟುಗಳಿಗೆ ಆ ನಾಲ್ಕು ತಿಂಗಳಲ್ಲಿ ಪಾಚಿ ಕಟ್ಟುತ್ತದೆ. ಮೊದಲು ತೆಳ್ಳಗೆ ಹಸಿರು, ಆಮೇಲೆ ಕಪ್ಪು, ಶೀಟಿನ ಏಣುಗಳ ನಡುವೆ ದಪ್ಪಕ್ಕೆ. ಕೆಳಗಿನವರಿಗೆ ದಿನಾ ನೋಡಿ ನೋಡಿ ಗೊತ್ತೇ ಆಗುವುದಿಲ್ಲ, ಮೋಡ ಉಂಟು ಅಂದುಕೊಳ್ಳುತ್ತಾರೆ. ಪಾಚಿ ತೆಗೆಸಿದ ದಿನ ಒಳಗೆ ಬಂದವರೆಲ್ಲ ಒಂದು ಸಲ ತಲೆ ಎತ್ತಿ ಮಾಡು ನೋಡುತ್ತಾರೆ, ಅಷ್ಟು ವ್ಯತ್ಯಾಸ. 1948ರ ಕಾರ್ಖಾನೆ ಕಾಯ್ದೆಯ 17ನೇ ಸೆಕ್ಷನ್‌ನಲ್ಲೇ ಇದನ್ನು ಬರೆದಿದ್ದರು. ಕೆಲಸ ಮಾಡುವ, ಹಾದುಹೋಗುವ ಜಾಗಕ್ಕೆಲ್ಲ ಸಾಕಷ್ಟು ಬೆಳಕು ಬೇಕು, ಬೆಳಕಿಗೆಂದಿರುವ ಗಾಜಿನ ಕಿಟಕಿ, ಮಾಡಿನ ಗಾಜುಗಳನ್ನು ಒಳಗೂ ಹೊರಗೂ ಸ್ವಚ್ಛವಾಗಿಡಬೇಕು, ಕಣ್ಣು ಕೋರೈಸುವುದನ್ನೂ ಅಪಘಾತಕ್ಕೆ ಕಾರಣವಾಗುವ ನೆರಳನ್ನೂ ತಪ್ಪಿಸಬೇಕು ಅಂತ. ಪಾಚಿ ತೆಗೆಸುವಾಗ ಮಾತ್ರ ದಯವಿಟ್ಟು ಯಾರನ್ನೂ ಸುಮ್ನೆ ಮಾಡಿಗೆ ಹತ್ತಿಸಬೇಡಿ. ಆ ಶೀಟು ಮನುಷ್ಯನ ಭಾರ ತಡೆಯುವುದಿಲ್ಲ. ಮೇಲೆ ಹಲಗೆ ಹಾಕಿ, ಬೆಲ್ಟ್ ಕಟ್ಟಿ, ಒಣ ದಿನ ನೋಡಿ ಮಾಡಿಸಿ. ಏಪ್ರಿಲ್, ಮೇ ಒಳಗೆ ಒಂದು ಸಲ, ಮಳೆ ಬಿಟ್ಟ ಮೇಲೆ ಅಕ್ಟೋಬರ್‌ನಲ್ಲಿ ಇನ್ನೊಂದು ಸಲ.

ಮಳೆಗಾಲದ ಇನ್ನೊಂದು ವಿಷಯ ರೇನ್‌ಕೋಟು. ವರ್ಷವಿಡೀ ಹಳದಿ ಜಾಕೆಟ್ ಹಾಕಿ ಅಂತ ಬೆನ್ನು ಬೀಳುತ್ತೇವೆ. ಜೂನ್ ಬಂದ ಕೂಡಲೇ ಎಲ್ಲರೂ ಆ ಜಾಕೆಟಿನ ಮೇಲೆ ಕಪ್ಪು ಅಥವಾ ಕಡುನೀಲಿ ರೇನ್‌ಕೋಟು ಹಾಕುತ್ತಾರೆ. ಹಾಕದೆ ಏನು ಮಾಡುತ್ತಾರೆ, ನೆನೆಯಬೇಕಾ? ಬೆಳಕು ಅತಿ ಕಡಿಮೆ ಇರುವ ನಾಲ್ಕು ತಿಂಗಳು ನಮ್ಮ ಜನ ಅತಿ ಕಡಿಮೆ ಕಾಣುವ ಬಟ್ಟೆಯಲ್ಲಿರುತ್ತಾರೆ. ಕಂಪನಿಯೇ ಹಳದಿ ರೇನ್‌ಕೋಟು ಕೊಡಬೇಕು, ಬೆಳ್ಳಿ ಪಟ್ಟಿ ಇರುವಂಥದ್ದು. ಆಗುವುದಿಲ್ಲ ಅಂದರೆ ದೊಡ್ಡ ಸೈಜಿನ ಜಾಕೆಟ್ ತಂದು ರೇನ್‌ಕೋಟಿನ ಮೇಲೆ ಹಾಕಿಸಿ. ಖರ್ಚು ಎಷ್ಟು ಮಹಾ?

ಆ ಜಾಕೆಟಿನ ಎರಡು ಭಾಗ ಬೇರೆ ಬೇರೆ ಕೆಲಸ ಮಾಡುತ್ತವೆ ಅನ್ನುವುದು ತುಂಬ ಜನರಿಗೆ ಗೊತ್ತಿಲ್ಲ. ಹೊಳೆಯುವ ಹಳದಿ ಬಟ್ಟೆ ಹಗಲಿನ ಬೆಳಕಿಗೆ. ಬೆಳ್ಳಿ ಪಟ್ಟಿ ಕತ್ತಲೆಗೆ. ಬೆಳ್ಳಿ ಪಟ್ಟಿ ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ಅಂದರೆ ಆಪರೇಟರಿನ ಕಣ್ಣಿಗೆ ಅದು ಹೊಳೆಯಬೇಕಾದರೆ ಅವರ ಗಾಡಿಯ ಹೆಡ್‌ಲೈಟೇ ಉರಿಯುತ್ತಿರಬೇಕು. ಮಾಡಿನ ಲೈಟಿಗೆ ಅದು ಹೊಳೆದರೆ ಮಾಡಿಗೇ ಹೊಳೆಯುತ್ತದೆ. ಹೆಡ್‌ಲೈಟ್ ಆಫ್ ಮಾಡಿ ಓಡಿಸುವ ಗೋಡೌನಿನಲ್ಲಿ ಬೆಳ್ಳಿ ಪಟ್ಟಿಯಿಂದ ಏನೂ ಉಪಯೋಗವಿಲ್ಲ. ಅದಕ್ಕೇ ಹಿರಿಯರ ಜೊತೆ ನನ್ನ ಬ್ಯಾಟರಿ ವಾದ ಇನ್ನೂ ಮುಂದುವರಿದಿದೆ.

ದುಡ್ಡು ಕಡಿಮೆ ಇದ್ದರೆ ಯಾವುದು ಮೊದಲು ಅಂತ ಕೇಳುತ್ತಾರೆ. ನಾನಾದರೆ ಮೊದಲು ತೊಳೆಸುತ್ತೇನೆ. ಲೈಟಿನ ಗಾಜು, ಮಾಡಿನ ಶೀಟು, ಕನ್ನಡಿ, ಗಾಡಿಯ ಹೆಡ್‌ಲೈಟಿನ ಮುಖ. ಬೆಳಕಿನ ಡಿಸೈನ್ ಮಾಡುವವರೇ ಧೂಳಿಗೆ, ಹಳತಾಗುವುದಕ್ಕೆ ಅಂತ 20, 30 ಪರ್ಸೆಂಟ್ ಮೊದಲೇ ಕಳೆದು ಲೆಕ್ಕ ಹಾಕುತ್ತಾರೆ, ಗೊಬ್ಬರ, ಸಿಮೆಂಟಿನ ಗೋಡೌನಿನಲ್ಲಿ ಅದಕ್ಕಿಂತ ಜಾಸ್ತಿ ಹೋಗುತ್ತದೆ. ಆಮೇಲೆ ಬಾಗಿಲ ಒಳಗಿನ ಲೈಟುಗಳಿಗೆ ಬೇರೆ ಸ್ವಿಚ್ಚು, ಹಗಲು ಯಾರೂ ಆಫ್ ಮಾಡದ ಹಾಗೆ. ಆಮೇಲೆ ಎಲ್ಲ ಗಾಡಿಗಳ ಹಿಂದಿನ ಲೈಟು. ನೀಲಿ, ಕೆಂಪು ಲೈಟು ಇವೆಲ್ಲ ಆದ ಮೇಲೆ. ಹೊರಗೆ ಹಾಕುವ ಲೈಟನ್ನು ಐಪಿ65ಕ್ಕಿಂತ (ಧೂಳು, ನೀರು ಒಳಗೆ ಹೋಗದಂತೆ ತಡೆಯುವ ಮಟ್ಟ) ಕಡಿಮೆಯದ್ದು ತರಬೇಡಿ. ಉಪ್ಪುಗಾಳಿಗೆ ಕ್ಲಾಂಪು, ಸ್ಕ್ರೂ ತುಕ್ಕು ಹಿಡಿಯುತ್ತವೆ, ಅವನ್ನು ಸ್ಟೇನ್‌ಲೆಸ್ ಸ್ಟೀಲಿನದ್ದೇ ಕೇಳಿ.

ನಮ್ಮಲ್ಲಿ ಬಾಗಿಲ ಸಾಲಿನ ಸ್ವಿಚ್ಚು ಬೇರೆ ಮಾಡಿದ್ದಾಗಿದೆ, ಅದರ ಮೇಲೆ "ಹಗಲೂ ಆನ್ ಇರಲಿ" ಅಂತ ಬರೆದು ಅಂಟಿಸಿದ್ದೇವೆ. ಹಿಂದಿನ ಲೈಟಿಗೆ ಸಾಮಾನು ಬಂದಿದೆ. ಹಳದಿ ರೇನ್‌ಕೋಟಿಗೆ ಆಫೀಸಿನಲ್ಲಿ ಇನ್ನೂ ಸಹಿ ಆಗಿಲ್ಲ, ಮೇ ಮುಗಿಯುವುದರೊಳಗೆ ಮಾಡಿಸಿಕೊಳ್ಳಬೇಕು.